ದೀಕ್ಷಾ ಓಡದ ಮಳೆಗಾಲ

ಕಳೆದ ತಿಂಗಳು ಕಾರ್ಕಳದಿಂದ ಪರ್ಕಳಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಹಿರಿಯಡ್ಕದಲ್ಲಿ ಏಳೆಂಟು ಹುಡುಗಿಯರು ಹತ್ತಿದರು. ಎಲ್ಲರದ್ದೂ ಒಂದೇ ಬಣ್ಣದ ಟ್ರ್ಯಾಕ್ ಪ್ಯಾಂಟು, ಹೆಗಲಲ್ಲಿ ಒದ್ದೆ ಬ್ಯಾಗು, ಕೈಯಲ್ಲಿ ಕೆಸರು ಮೆತ್ತಿದ ಶೂ. ಹೊರಗೆ ಮಳೆ ಹೊಡೆಯುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಒಳಗೆ ಗಾಳಿಯಾಡುತ್ತಿರಲಿಲ್ಲ. ಒಬ್ಬಳು ನನ್ನ ಪಕ್ಕದಲ್ಲಿ ಕೂತು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಮೀನಖಂಡಕ್ಕೆ ನೋವಿನ ಎಣ್ಣೆ ತಿಕ್ಕತೊಡಗಿದಳು. ಮೂವತ್ತೊಂದು ವರ್ಷ ನನ್ನ ಕೈಯಲ್ಲೇ ಇದ್ದ ವಾಸನೆ ಅದು. ಮದುವೆಮನೆಗೆ ಹೋಗುವಾಗ ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ನಿವೃತ್ತಳಾದ ಮೇಲೆ ತಾನಾಗಿಯೇ ಹೋಯಿತು.

"ಎಷ್ಟು ಮೀಟರ್ ಓಡುತ್ತೀ?" ಎಂದು ಕೇಳಿದೆ.

"ಎಂಟುನೂರು ಆಂಟಿ," ಎಂದಳು.

ಪರ್ಕಳದಲ್ಲಿ ಇಳಿಯುವಾಗ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟೆ, ಮನೆ ಸೇರುವಷ್ಟರಲ್ಲಿ ಪೂರ್ತಿ ಒದ್ದೆಯಾಗಿದ್ದೆ. ಏಳು ವರ್ಷದ ಹಿಂದಿನ ಒಂದು ಮಳೆಗಾಲವನ್ನು ಇನ್ನು ಬರೆಯದೆ ಇರಲಾಗದು ಎಂದು ಅನ್ನಿಸಿದ್ದು ಆ ಸಂಜೆಯೇ.

ನಾನು ಕಾರ್ಕಳದ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಬಾಯಿ ಜೋರು. ಮಕ್ಕಳು ಹಿಂದಿನಿಂದ ನನ್ನನ್ನು ವಿಸಿಲ್ ಎಂದು ಕರೆಯುತ್ತಿದ್ದರು, ನನಗೆ ಅದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆ. ನನಗೊಂದು ಹುಚ್ಚು ಇತ್ತು: ನಾಡಿ. ಬೆಳಿಗ್ಗೆ ಆರಕ್ಕೆ ಹುಡುಗಿಯರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಓಡುವ ಮೊದಲು ಎಲ್ಲರೂ ಮಣಿಕಟ್ಟಿಗೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಬೇಕು. ನಾನು ಸಮಯ ನೋಡುತ್ತಿದ್ದೆ. ಯಾರ ನಾಡಿ ಎಲ್ಲರಿಗಿಂತ ನಿಧಾನವೋ ಅವಳು ಆ ದಿನದ ಲೀಡರ್. ನಾಡಿ ನಿಧಾನವೆಂದರೆ ಹೃದಯ ಗಟ್ಟಿಯೆಂದೇ ನಾನು ಕಲಿತದ್ದು, ಅದನ್ನೇ ಕಲಿಸಿದ್ದು. ದೀಕ್ಷಾಳ ನಾಡಿ ನಲವತ್ನಾಲ್ಕು. ಬೇರೆ ಊರಿನ ಟೀಚರುಗಳು ಬಂದರೆ ಅವಳನ್ನು ಕರೆದು, "ಎಣಿಸಿ ನೋಡಿ" ಎಂದು ಅವಳ ಕೈಯನ್ನು ಅವರ ಕೈಗೆ ಕೊಡುತ್ತಿದ್ದೆ. ಗೆದ್ದ ಕಪ್ಪನ್ನು ತೋರಿಸುವಾಗಲೂ ನನಗೆ ಅಷ್ಟು ಜಂಬ ಬರುತ್ತಿರಲಿಲ್ಲ.

ದೀಕ್ಷಾ ಅಜೆಕಾರಿನವಳು. ತಾಯಿ ಸುಜಾತಾ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತಂದೆ ಜಗದೀಶ, ಅಜೆಕಾರಿನ ಮೇಲೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವನ ಮನೆ ಕಾಪುವಿನ ಸಮುದ್ರದ ಬದಿ, ಮದುವೆಯಾದ ಮೇಲೆ ಅಜೆಕಾರಿನಲ್ಲಿ ಹೆಂಡತಿಯ ಮನೆಯಲ್ಲೇ ಇದ್ದ. ದೀಕ್ಷಾ ಎಂಟನೆಯ ತರಗತಿಯಲ್ಲಿ ನನ್ನ ಕೈಗೆ ಬಂದಾಗ ಬೆನ್ನೆಲುಬು ಎಣಿಸಬಹುದಾದಂಥ ಹುಡುಗಿ. ಓಡಲು ಬಿಟ್ಟರೆ ಮಾತ್ರ ನಿಲ್ಲಿಸುವುದು ಕಷ್ಟ. ಸಂಜೆ ಮನೆಗೆ ಹೋಗುವಾಗ ಏರಿನ ಕೆಳಗಿನ ಸ್ಟಾಪಿನಲ್ಲೇ ಇಳಿದು, ಅಪ್ಪನ ಬಸ್ಸಿನ ಜೊತೆ ಮನೆಯವರೆಗೆ ಪಂಥ ಕಟ್ಟಿ ಓಡುತ್ತಿದ್ದಳು. ಡ್ರೈವರ್ ಬೇಕೆಂದೇ ನಿಧಾನ ಮಾಡುತ್ತಿದ್ದ, ಜಗದೀಶ ಬಾಗಿಲಲ್ಲಿ ನಿಂತು ವಿಸಿಲು ಊದುತ್ತಿದ್ದ.

ಆ ವರ್ಷದ ಹೆತ್ತವರ ಸಭೆಗೆ ಜಗದೀಶ ಕಾಕಿ ಅಂಗಿಯಲ್ಲೇ ಬಂದಿದ್ದ. "ಇಷ್ಟು ಓಡುವುದು ಎಲ್ಲಿಂದ ಬಂತು ಮಾರಾಯ ಇವಳಿಗೆ?" ಎಂದು ನಾನು ಕೇಳಿದೆ.

"ನನ್ನ ಅಣ್ಣನ ಕಾಲು ಟೀಚರ್ ಅವಳದ್ದು," ಎಂದ. "ಕರುಣಾಕರ. ನಿಮಗೆ ಗೊತ್ತುಂಟಲ್ಲ?"

ಗೊತ್ತಿಲ್ಲದೆ ಏನು! ನಾನು ಕಾಲೇಜಿನಲ್ಲಿದ್ದಾಗ ಕರುಣಾಕರನೂ ನಾನೂ ಒಂದೇ ತಂಡದಲ್ಲಿ ಓಡಿದವರು. ಇಪ್ಪತ್ತು ತುಂಬುವ ಹೊತ್ತಿಗೆ ಅವನು ತೀರಿಕೊಂಡ. ಒಂದು ಮಧ್ಯಾಹ್ನ ಕಾಪುವಿನ ಮರಳಿನಲ್ಲಿ ಓಡಿ ಬಂದು ದೋಣಿಯ ನೆರಳಲ್ಲಿ ಕೂತವನು ಹಾಗೆಯೇ ಹೋದನಂತೆ. ಹೊತ್ತಲ್ಲದ ಹೊತ್ತಿನಲ್ಲಿ ಓಡಿದ, ಯಾವುದೋ ಗಾಳಿ ಸೋಂಕಿತು ಎಂದು ಊರಿನವರು ಹೇಳಿದರು. ನಾವು ತಂಡದವರೆಲ್ಲ ಹೋಗಿ ಮುಖ ನೋಡಿ ಬಂದಿದ್ದೆವು. ಅಂಥ ಓಟಗಾರನ ತಮ್ಮನ ಮಗಳು ನನ್ನ ಕೈಗೆ ಬಂದದ್ದು ನನ್ನ ಪುಣ್ಯವೆಂದು ಆ ದಿನ ತಿಳಿದೆ. ಜಗದೀಶನಿಗೂ ಹಾಗೆಯೇ ಹೇಳಿದೆ.

ಪಿಯುಸಿಗೂ ನಮ್ಮಲ್ಲೇ ಸೇರಿದಳು. ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಅವಳಿಗೆ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆ ಬಂತು. ಹಾಸ್ಟೆಲು ಸಿಕ್ಕಿದರೆ ಊಟ, ತರಬೇತಿ, ಮುಂದಕ್ಕೆ ಕ್ರೀಡಾ ಕೋಟಾದಲ್ಲಿ ಒಂದು ಕೆಲಸ, ಎಲ್ಲವೂ ಅದರ ಹಿಂದೆಯೇ ಬರುತ್ತಿತ್ತು. ಅರ್ಜಿಯ ಜೊತೆ ವೈದ್ಯರ ಸರ್ಟಿಫಿಕೇಟ್ ಬೇಕಿತ್ತು. ಅದಕ್ಕಾಗಿ ಇಸಿಜಿ ಮಾಡಿಸಿದಾಗ ಗೆರೆ ಸರಿಯಿಲ್ಲ, ಹೃದಯದ ಡಾಕ್ಟರಿಗೆ ತೋರಿಸಿ ಎಂದರು. ಮೇ ತಿಂಗಳ ಕೊನೆಯಲ್ಲಿ ದೀಕ್ಷಾ, ಸುಜಾತಾ, ನಾನು ಮೂವರೂ ಮಣಿಪಾಲಕ್ಕೆ ಹೋದೆವು. ಜಗದೀಶನಿಗೆ ಆ ದಿನ ರಜೆ ಸಿಗಲಿಲ್ಲ.

ಡಾಕ್ಟರು ಧಾರವಾಡದ ಕಡೆಯವರು. ಒಳ್ಳೆಯ ಮನುಷ್ಯ. ಸ್ಕ್ಯಾನ್ ಮಾಡಿ, ಅವಳ ಹೃದಯವನ್ನು ಪರದೆಯಲ್ಲಿ ನಮಗೂ ತೋರಿಸಿದರು. ಅದು ನಿಧಾನವಾಗಿ, ಏನೂ ಅವಸರವಿಲ್ಲದಂತೆ ಬಡಿದುಕೊಳ್ಳುತ್ತಿತ್ತು.

"ಹೆದರಬ್ಯಾಡ್ರಿ," ಎಂದರು. "ದಿನಾ ಇಷ್ಟು ಓಡೋ ಮಕ್ಕಳ ಹಾರ್ಟ್ ದೊಡ್ಡದಾಗ್ತದ. ಅದರ ಗೋಡಿ ದಪ್ಪ ಆಗ್ತದ, ನಾಡಿ ನಿಧಾನ ಆಗ್ತದ. ಪೈಲ್ವಾನರ ತೋಳು ದಪ್ಪ ಆಗೂದಿಲ್ಲೇನ್ರಿ, ಹಂಗ. ಅದು ರೋಗ ಅಲ್ಲ. ಆದ್ರ ಒಂದು ರೋಗ ಅದ, ಅದರಾಗೂ ಗೋಡಿ ಹಿಂಗ ಕಾಣ್ತದ. ಅದಿದ್ದವರು ಓಡಬಾರದು, ಜೀವಕ್ಕ ಅಪಾಯ. ಈಕಿದು ಎರಡರ ನಡುವ ಅದ."

"ಗೊತ್ತಾಗುವುದು ಹೇಗೆ ಡಾಕ್ಟ್ರೇ?" ಎಂದೆ.

"ಮೂರು ತಿಂಗಳು ಓಡೂದು ಬಿಡಬೇಕು. ಒಂದು ಹೆಜ್ಜಿನೂ ಓಡಬಾರದು. ಓಡಿ ದಪ್ಪ ಆಗಿದ್ರ ಬಿಟ್ಟಾಗ ಇಳೀತದ. ಇಳೀಲಿಲ್ಲ ಅಂದ್ರ ಅದು ರೋಗ." ಆಮೇಲೆ ಪೆನ್ನು ತೆಗೆದುಕೊಂಡು ಸುಜಾತಾಳನ್ನು ನೋಡಿ ಕೇಳಿದರು: "ನಿಮ್ಮ ರಕ್ತಸಂಬಂಧದಾಗ ಯಾರಾದ್ರೂ ಸಣ್ಣ ವಯಸ್ಸಿನಾಗ ಒಮ್ಮೆಲೇ ತೀರಿಕೊಂಡಾರೇನಮ್ಮಾ? ಆಡ್ತಾ, ಓಡ್ತಾ?"

ಸುಜಾತಾ ಸುಮ್ಮನೆ ಉತ್ತರ ಕೊಟ್ಟವಳಲ್ಲ. ಯೋಚಿಸಿದಳು. ಅಜ್ಜಿ, ಅಜ್ಜಿಯ ತಂಗಿಯರು, ಇಬ್ಬರು ಮಾವಂದಿರು, ಬೆಳ್ಮಣ್ಣಿನ ದೊಡ್ಡಮ್ಮ, ಅವರ ಮಕ್ಕಳು, ಎಲ್ಲರನ್ನೂ ಬೆರಳು ಮಡಚಿ ಎಣಿಸಿದಳು. "ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಹಾಗೆ ಯಾರೂ ಇಲ್ಲ. ಅಜ್ಜಿ ತೊಂಬತ್ತರ ಮೇಲೆ ಹೋದದ್ದು."

ನಾನೂ ಬಾಯಿ ಹಾಕಿದೆ. "ಗಟ್ಟಿ ಜನ ಡಾಕ್ಟ್ರೇ ಇವರ ಕಡೆ. ದೊಡ್ಡ ಮಾವ ಈಗಲೂ ತೆಂಗಿನ ಮರ ಹತ್ತುತ್ತಾರೆ."

ಡಾಕ್ಟರು "ಇಲ್ಲ" ಎಂದು ಬರೆದುಕೊಂಡರು.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಳುನಾಡಿನ ನಮ್ಮವರಲ್ಲಿ ಬಳಿ, ಎಂದರೆ ಕುಲ, ಬರುವುದು ತಾಯಿಯಿಂದ. ಮನೆ ತಾಯಿಯದ್ದು, ಮನೆಯ ದೈವ ತಾಯಿ ಕಡೆಯದ್ದು, ಮದುವೆಯ ಮಾತು ಬಂದರೆ ನೋಡುವುದು ತಾಯಿಯ ಬಳಿಯನ್ನು. ತಂದೆಯ ಅಣ್ಣ ತಮ್ಮಂದಿರ ಮೇಲೆ ಪ್ರೀತಿ ಇರುತ್ತದೆ, ಹೋಗಿ ಬರುವುದಿರುತ್ತದೆ, ಆದರೆ ಅವರು ನೆಂಟರು. ಅವರ ಬಳಿ ಬೇರೆ. ಈಗ ಆಸ್ತಿಯ ಕಾನೂನೆಲ್ಲ ಬದಲಾಗಿದೆ, ಮಕ್ಕಳ ಹೆಸರಿನ ಮುಂದೆ ತಂದೆಯ ಇನಿಶಿಯಲ್ಲು ಬಂದಿದೆ, ಆದರೂ ನಿಮ್ಮವರು ಯಾರು ಎಂದು ಕೇಳಿದರೆ ನಮ್ಮ ಬೆರಳು ಮಡಚುವುದು ತಾಯಿಯ ಕಡೆಯಿಂದಲೇ. ಸುಜಾತಾ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಕರುಣಾಕರ ಇರಲೇ ಇಲ್ಲ. ಅವಳ ಮದುವೆಗಿಂತ ಎಷ್ಟೋ ಮೊದಲು, ಗಂಡನ ಊರಿನಲ್ಲಿ, ಗಾಳಿ ಸೋಂಕಿ ಸತ್ತ ಒಬ್ಬ ಭಾವ ಅವನು, ಅಷ್ಟೇ.

ಜೂನ್ ಆರಂಭವಾಯಿತು, ಮಳೆ ಹಿಡಿಯಿತು. ಹಾಸ್ಟೆಲಿನ ಆಯ್ಕೆ ತಪ್ಪಿಹೋಯಿತು, ಮುಂದಿನ ವರ್ಷ ನೋಡುವ ಎಂದು ಸಮಾಧಾನ ಹೇಳಿದೆ. ದೀಕ್ಷಾಳಿಗೆ ಓಡಬೇಡ ಎನ್ನುವುದು ಕೋಳಿಗೆ ಕೆದರಬೇಡ ಎಂದ ಹಾಗೆ. ಆದರೂ ಹುಡುಗಿ ಮಾತಿಗೆ ತಪ್ಪಲಿಲ್ಲ. ಏರಿನ ಕೆಳಗೆ ಇಳಿಯುವುದನ್ನು ಬಿಟ್ಟು ಅಪ್ಪ ಹಿಡಿದಿಟ್ಟ ಸೀಟಿನಲ್ಲಿ ಕೂತು ಮನೆಯವರೆಗೆ ಹೋಗುತ್ತಿದ್ದಳು. ಮಳೆ ಬಂತೆಂದು ಎಲ್ಲರೂ ಓಡಿ ಶಾಲೆಯ ಜಗಲಿ ಸೇರಿದರೆ ಅವಳೊಬ್ಬಳೇ ಅಂಗಳದಲ್ಲಿ ನೆನೆಯುತ್ತಾ ನಡೆದುಕೊಂಡು ಬರುತ್ತಿದ್ದಳು. "ಬೇಗ ಬಾ ಮಾರಾಯ್ತಿ" ಎಂದು ಯಾರಾದರೂ ಕರೆದರೆ, "ನಂಗೆ ಓಡ್ಲಿಕ್ಕೆ ಇಲ್ಲ" ಎನ್ನುತ್ತಿದ್ದಳು. ಮೊದಮೊದಲು ನಗುತ್ತಾ ಹೇಳುತ್ತಿದ್ದಳು.

ಬೆಳಿಗ್ಗೆ ಮಾತ್ರ ಮೈದಾನಕ್ಕೆ ಬರುವುದನ್ನು ಬಿಡಲಿಲ್ಲ. ಮಳೆಗಾಲದಲ್ಲಿ ನಾವು ಮೈದಾನದ ಮೇಲಿನ ಬದಿ, ನೀರು ನಿಲ್ಲದ ಮುರಕಲ್ಲಿನ ಜಾಗದಲ್ಲಿ ಓಡುತ್ತಿದ್ದೆವು. ಅವಳು ನನ್ನ ಕೊಡೆಯೊಳಗೆ ನಿಂತು ಸ್ಟಾಪ್‌ವಾಚ್ ಹಿಡಿಯುತ್ತಿದ್ದಳು. ಬೇರೆಯವರಿಗೆ ನನಗಿಂತ ಜೋರಾಗಿ ಬೈಯುತ್ತಿದ್ದಳು. "ಕೈ ಬೀಸು! ಎಂತ, ಬಾವಿಯಿಂದ ನೀರು ಸೇದುದಾ ನೀನು?" ಎಂದು ಅವಳು ಕೂಗಿದರೆ ಹುಡುಗಿಯರು ಓಡುತ್ತಲೇ ನಗುತ್ತಿದ್ದರು. ಅವಳ ಹೆಬ್ಬೆರಳು ವಾಚಿನ ಮೇಲೆ, ಕಾಲು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು. "ಅದೂ ಬೇಡ" ಎಂದು ನಾನು ಗದರುತ್ತಿದ್ದೆ.

ಸುಜಾತಾ ತನಗೆ ತಿಳಿದ ಮದ್ದನ್ನೆಲ್ಲ ಮಾಡಿದಳು. ಆಟಿ ಅಮಾವಾಸ್ಯೆಯ ಮುಂಜಾನೆ ಪಾಲೆ ಮರದ ತೊಗಟೆಯ ಕಷಾಯವನ್ನು ನಮ್ಮ ಕಡೆ ಎಲ್ಲರೂ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ, ಕುಡಿದರೆ ವರ್ಷವಿಡೀ ರೋಗ ಬರುವುದಿಲ್ಲವೆಂದು. ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುವಷ್ಟು ಕಹಿ. ಆ ವರ್ಷ ಮಗಳಿಗೆ ಎರಡು ಲೋಟ ಕುಡಿಸಿದಳಂತೆ, ಹೃದಯದ ಗೋಡೆ ಇಳಿಯಲಿ ಎಂದು. ದೀಕ್ಷಾ ಶಾಲೆಗೆ ಬಂದು ಅದನ್ನು ನನ್ನೆದುರು ನಟಿಸಿ ತೋರಿಸಿದಳು, ಅಮ್ಮ ಮೂಗು ಹಿಡಿದದ್ದು, ತಾನು ಅಂಗಳದಲ್ಲಿ ವಾಂತಿ ಮಾಡಿದ್ದು. ನಾನು ಹೊಟ್ಟೆ ಹಿಡಿದು ನಕ್ಕೆ.

ಆಗಸ್ಟಿನ ಒಂದು ದಿನ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅವಳು ಹೋಗಲಿಲ್ಲ. ಕ್ರೀಡಾ ಕೋಣೆಯಲ್ಲಿ ನಾನು ಒದ್ದೆ ಬಾಲುಗಳನ್ನು ಒರೆಸುತ್ತಿದ್ದೆ.

"ಟೀಚರ್, ಇಳೀದಿದ್ರೆ?"

"ಇಳಿಯುತ್ತದೆ."

"ಇಳೀದಿದ್ರೆ ಎಂತ ಮಾಡುದು?"

"ಶಾಟ್‌ಪುಟ್ ಕಲಿ," ಎಂದೆ. ನನಗೂ ಅದೇ ಹೆದರಿಕೆ ಇತ್ತು, ಅದಕ್ಕೇ ಸಿಟ್ಟು ಬಂದಿತ್ತು.

ಅವಳು ನಕ್ಕಳು. ಆಮೇಲೆ ಅಲ್ಲೇ ಮ್ಯಾಟಿನ ಮೇಲೆ ಕೂತು ಅತ್ತಳು. "ಓಡುದು ಬಿಟ್ಟರೆ ನಂಗೆ ಬೇರೆ ಎಂತ ಬರ್ತದೆ ಟೀಚರ್?" ಎಂದಳು. ಬಿದ್ದು ಮೊಣಕಾಲು ಒಡೆದಾಗಲೂ ಅವಳು ಅತ್ತದ್ದನ್ನು ನಾನು ನೋಡಿದವಳಲ್ಲ. ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ದೇವರೇ, ಈ ಮಗುವಿಗೆ ಓಡುವುದೊಂದನ್ನು ಬಿಟ್ಟುಕೊಡು ಎಂದು ಬೇಡಿಕೊಂಡೆ. ಬೇಡಬೇಕಾಗಿದ್ದುದು ಬೇರೆ ಏನನ್ನೋ ಎಂದು ಆಗ ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಮಣಿಪಾಲಕ್ಕೆ ಹೋದೆವು. ಜಗದೀಶನಿಗೆ ಆಗಲೂ ಬರಲಾಗಲಿಲ್ಲ, ಜೊತೆಯ ಕಂಡಕ್ಟರನಿಗೆ ಜ್ವರ. ಡಾಕ್ಟರು ಸ್ಕ್ಯಾನ್ ಮಾಡಿದರು, ದೊಡ್ಡ ಯಂತ್ರದೊಳಗೆ ಮಲಗಿಸಿಯೂ ನೋಡಿದರು, ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಮೂರು ತಿಂಗಳ ಮೇಲೆ ಕಾಲಿಗೆ ಓಟ ಸಿಕ್ಕಿದ ಖುಷಿಗೆ ಅವಳು ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. ಗೋಡೆ ಇಳಿದಿತ್ತು. ಆದರೆ ಸ್ವಲ್ಪವೇ. ಇಳಿದಿದೆ ಎಂದರೂ ಆದೀತು, ಇಲ್ಲ ಎಂದರೂ ಆದೀತು ಎಂಬಷ್ಟು. ಡಾಕ್ಟರು ಹಳೆಯ ಕಾಗದಗಳನ್ನು ತೆಗೆದು ಓದಿದರು.

"ನಿಮ್ಮ ಪೈಕಿ ಯಾರಿಗಾದ್ರೂ ಹಿಂಗ ಆಗಿದ್ರ ನಾ ಖಂಡಿತ ಬ್ಯಾಡ ಅಂತಿದ್ದೆ," ಎಂದರು. "ಯಾರೂ ಇಲ್ಲ ಅಂದೀರಿ. ಮತ್ತ ಬ್ಯಾರೆ ಕಡೆ ಏನೂ ಕೆಟ್ಟದ್ದು ಕಾಣವಲ್ದು. ನಿಧಾನಕ್ಕ ಶುರು ಮಾಡ್ಲಿ. ಆರು ತಿಂಗಳಿಗೆ ತಿರುಗಿ ತೋರಸ್ರಿ. ತಲಿ ತಿರುಗಿದ್ರ, ಎದಿ ಹಿಡಿದ್ರ ಅಲ್ಲೇ ನಿಲ್ಲಸಬೇಕು."

ಎರಡನೆಯ ಸಲ ಬಾಯಿ ತೆರೆಯುವ ಅವಕಾಶ ಅದು. ಸುಜಾತಾ ಕೈ ಮುಗಿಯುತ್ತಿದ್ದಳು. ನಾನು ಮನಸ್ಸಿನೊಳಗೆ ಜಿಲ್ಲಾ ಮಟ್ಟದ ಕೂಟಕ್ಕೆ ಎಷ್ಟು ವಾರ ಉಳಿದಿದೆ ಎಂದು ಎಣಿಸುತ್ತಿದ್ದೆ. ಆ ದಿನ ಸಂಜೆ ಮಳೆ ಬಿಟ್ಟಿತ್ತು. ದೀಕ್ಷಾ ಏರಿನ ಕೆಳಗಿನ ಸ್ಟಾಪಿನಲ್ಲಿ ಇಳಿದಳಂತೆ. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು ಎಂದು ಜಗದೀಶ ಮರುದಿನ ಫೋನು ಮಾಡಿ ಹೇಳಿದ.

ನಾವು ಅವಸರ ಮಾಡಲಿಲ್ಲ. ಮೊದಲ ವಾರ ನಡಿಗೆ, ಎರಡನೆಯ ವಾರ ಅರ್ಧ ಸುತ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ದಿನಾ ನಾಡಿ ನೋಡಿದೆ, ತಲೆ ತಿರುಗುತ್ತದಾ ಎಂದು ಕೇಳಿದೆ. ಅವಳು ಇಲ್ಲವೆಂದಳು. ನವೆಂಬರಿನಲ್ಲಿ ಉಡುಪಿಯ ಮೈದಾನದಲ್ಲಿ ಕೂಟ. ಎಂಟುನೂರು ಮೀಟರಿನಲ್ಲಿ ಎರಡನೆಯವಳಾಗಿ ಬಂದಳು. ಮೂರು ತಿಂಗಳು ಸುಮ್ಮನೆ ಕೂತವಳಿಗೆ ಅದು ಸಣ್ಣದಲ್ಲ. ಆದರೂ ನನ್ನ ಬಾಯಿ ಬಿಡಬೇಕಲ್ಲ! "ಕೊನೆಯ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದ್ದು ಯಾಕೆ? ಅಲ್ಲೇ ಹೋಯಿತು ನೋಡು," ಎಂದೆ.

"ಮುಂದಿನ ಸಲ ನೋಡಿ ಟೀಚರ್," ಎಂದಳು. ಉಸಿರು ಆಗಲೇ ಹದಕ್ಕೆ ಬಂದಿತ್ತು. ಬಿಳಿ ಗೆರೆಯ ಆಚೆ ಹುಲ್ಲಿನಲ್ಲಿ ಕೂತು ಶೂ ಲೇಸು ಬಿಚ್ಚಲು ಬಗ್ಗಿದಳು. ಬಗ್ಗಿದವಳು ಹಾಗೆಯೇ ಬದಿಗೆ ವಾಲಿದಳು. ಏನೋ ಹುಡುಕುತ್ತಿದ್ದಾಳೆ ಎಂದುಕೊಂಡೆ. ಒಬ್ಬ ತರುಣ ಓಡಿ ಬಂದು ಎದೆ ಒತ್ತಿದ, ಆಂಬ್ಯುಲೆನ್ಸ್ ಮೈದಾನದಲ್ಲೇ ಇತ್ತು, ಮಾಡಬೇಕಾದ್ದನ್ನೆಲ್ಲ ಅವರು ಮಾಡಿದರು. ಆಸ್ಪತ್ರೆಯಲ್ಲಿ ನನ್ನ ಕೈಗೆ ಅವಳ ಒಂದು ಶೂ ಕೊಟ್ಟರು. ಇನ್ನೊಂದು ಮೈದಾನದಲ್ಲೇ ಉಳಿದಿತ್ತು. ಅವಳಿಗೆ ಹದಿನೇಳು ವರ್ಷ.

ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ಅಜೆಕಾರಿನ ಮನೆಗೆ ಹೋದೆ. ಜಗದೀಶನ ತಾಯಿ ಕಾಪುವಿನಿಂದ ಬಂದಿದ್ದರು. ಕಣ್ಣು ಸರಿ ಕಾಣದ ಮುದುಕಿ. ಪಂಕ್ತಿಯ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದವರು ತುಳುವಿನಲ್ಲಿ, ತಮಗೆ ತಾವೇ ಎಂಬಂತೆ ಹೇಳಿದರು: "ನನ್ನ ಕರುಣಾಕರನೂ ಹೀಗೆಯೇ ಅಲ್ವಾ. ಓಡಿ ಬಂದು ಕೂತ. ನೀರು ಕೇಳಿದ. ನಾನು ತರುವಷ್ಟರಲ್ಲಿ ಇರಲಿಲ್ಲ. ಇವಳಿಗೂ ಹಾಗೆಯೇ ಆಯಿತಲ್ಲ."

ಸುಜಾತಾ ಅನ್ನದ ಪಾತ್ರೆ ಹಿಡಿದು ಬಡಿಸುತ್ತಿದ್ದಳು. ಅಲ್ಲೇ ನಿಂತಳು. "ಡಾಕ್ಟ್ರು ಇದನ್ನೇ ಕೇಳಿದ್ದು," ಎಂದಳು. ಗಂಡನ ಕಡೆ ತಿರುಗಿದಳು. "ನೀವು ಹೇಳ್ಲಿಲ್ಲ."

"ನನ್ನತ್ರ ಯಾರು ಕೇಳಿದ್ದು?" ಎಂದ ಜಗದೀಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅವನನ್ನು ಯಾರೂ ಕೇಳಿರಲಿಲ್ಲ. ಇಲ್ಲ ಎಂದ ಮೇಲೆ ಮುಗಿಯಿತು, ಡಾಕ್ಟರ ಆ ಪ್ರಶ್ನೆ ಮನೆಗೆ ತಂದು ಹೇಳುವಷ್ಟು ದೊಡ್ಡದೆಂದು ನಮಗೆ ಅನ್ನಿಸಿರಲೂ ಇಲ್ಲ.

"ನನ್ನತ್ರ ಕೇಳಿದ್ದು," ಎಂದಳು ಸುಜಾತಾ. "ನಾನೇ ಇಲ್ಲ ಅಂದದ್ದು."

ಪಂಕ್ತಿಯಲ್ಲಿದ್ದವರೆಲ್ಲ ಅವಳನ್ನು ನೋಡಿದರು. ನನ್ನನ್ನು ಯಾರೂ ನೋಡಲಿಲ್ಲ. ಸುಜಾತಾ ಕರುಣಾಕರನ ಮುಖವನ್ನೂ ಕಂಡವಳಲ್ಲ. ಅವನ ಜೊತೆ ಓಡಿದವಳು ನಾನು, ಅವನ ಹೆಣ ನೋಡಿದವಳು ನಾನು, ಅಣ್ಣನ ಕಾಲು ಇವಳದ್ದು ಎಂದು ತಂದೆಯೇ ಹೇಳಿದಾಗ ಹಿಗ್ಗಿದವಳು ನಾನು. ಕಾಲು ಆ ಕಡೆಯಿಂದ ಬಂತೆಂದು ಒಪ್ಪಿದವಳಿಗೆ ಹೃದಯವೂ ಆ ಕಡೆಯಿಂದಲೇ ಬರಬಹುದೆಂದು ಹೊಳೆಯಲಿಲ್ಲ. ಆಗಲೇ ಹೇಳಬೇಕಿತ್ತು, ನಾನೂ ಅಲ್ಲೇ ಕೂತಿದ್ದೆ ಸುಜಾತಾ, ನನಗೂ ಗೊತ್ತಿತ್ತು ಎಂದು. ನಾನು ಅನ್ನ ಕಲಸಿಕೊಂಡು ಉಂಡೆ.

ಆಮೇಲೆ ಜಗದೀಶನನ್ನೂ ದೀಕ್ಷಾಳ ತಂಗಿ ಶ್ರೇಯಾಳನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸುಜಾತಾಳೂ ಬಂದಳು. ಇಬ್ಬರ ಹೃದಯದಲ್ಲೂ ಅದೇ ರೋಗ ಇತ್ತು. ಅಷ್ಟು ವರ್ಷ ತನಗೆ ಏನೂ ಆಗದಿದ್ದುದಕ್ಕೆ ನಾಚಿಕೆಯಾದಂತೆ ಜಗದೀಶ ತಲೆ ತಗ್ಗಿಸಿದ. ಕರುಣಾಕರನ ವಿಷಯ ಕೇಳಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಪ್ಪನ ಕಡಿಂದಲೂ ಬರ್ತದ, ಅವ್ವನ ಕಡಿಂದಲೂ ಬರ್ತದ. ಎರಡೂ ಕಡಿ ಬಿಡಿಸಿ ಕೇಳಬೇಕಿತ್ತು ನಾ," ಎಂದರು. "ನಾನು ಒಂದು ದಿನ ರಜೆ ಹಾಕಬೇಕಿತ್ತು," ಎಂದ ಜಗದೀಶ. "ಇಲ್ಲ ಅಂದದ್ದು ನಾನು," ಎಂದಳು ಸುಜಾತಾ. ಆ ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ತಪ್ಪನ್ನು ಎತ್ತಿಕೊಂಡರು. ಬಾಯಿ ಜೋರಿನವಳೆಂದು ಹೆಸರು ಪಡೆದ ನಾನೊಬ್ಬಳು ಸುಮ್ಮನೆ ಕೂತಿದ್ದೆ.

ಶ್ರೇಯಾ ಮಾತ್ರೆ ತೆಗೆದುಕೊಳ್ಳುತ್ತಾಳೆ, ಓಟ ಆಟ ಯಾವುದೂ ಇಲ್ಲ, ಈಗ ಕಾರ್ಕಳದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ನಾನು ಮೈದಾನದಲ್ಲಿ ನಾಡಿಯ ಪಂದ್ಯ ನಿಲ್ಲಿಸಿದೆ. ಹೊಸ ಮಕ್ಕಳು ಬಂದರೆ ತಂದೆ ತಾಯಿ ಇಬ್ಬರನ್ನೂ ಕರೆಸಿ, ಇಬ್ಬರ ಕಡೆಯನ್ನೂ ಬೇರೆ ಬೇರೆಯಾಗಿ ಕೇಳುತ್ತಿದ್ದೆ. ಯಾಕೆ ಕೇಳುತ್ತೇನೆಂದು ಹೇಳುತ್ತಿರಲಿಲ್ಲ.

ಪ್ರತಿ ವರ್ಷ ನವೆಂಬರಿನಲ್ಲಿ ಅಜೆಕಾರಿಗೆ ಹೋಗುತ್ತಿದ್ದೆ. ಪ್ರತಿ ವರ್ಷ ಸುಜಾತಾ ಒಂದಲ್ಲ ಒಂದು ಹೊತ್ತಿನಲ್ಲಿ ಅದೇ ಮಾತು ತೆಗೆಯುತ್ತಿದ್ದಳು. ನನ್ನ ಬಾಯಿಂದಲೇ ಇಲ್ಲ ಅಂತ ಬಂತಲ್ಲ ಟೀಚರ್. ನಿಮ್ಮ ತಪ್ಪಲ್ಲ ಸುಜಾತಾ, ಹಣೆಬರಹ ಎಂದು ನಾನು ಹೇಳುತ್ತಿದ್ದೆ. ಹಣೆಬರಹ! ಎಷ್ಟು ಸುಲಭದ ಮಾತು. ನನಗೂ ಗೊತ್ತಿತ್ತು ಎಂದರೆ ದೀಕ್ಷಾಳನ್ನು ನಾನೇ ಕೊಂದ ಹಾಗೆ ಕೇಳಿಸುತ್ತದೆ, ಆ ಮನೆಯ ಬಾಗಿಲು ನನಗೆ ಮುಚ್ಚುತ್ತದೆ ಎಂಬ ಹೆದರಿಕೆ. ಊರ ಮಕ್ಕಳಿಗೆಲ್ಲ ನಿಜ ಹೇಳಿ ಎಂದು ಬೆತ್ತ ತೋರಿಸಿದವಳ ಕತೆ ಇದು.

ಬಸ್ಸಿನಲ್ಲಿ ಆ ಹುಡುಗಿಯನ್ನು ನೋಡಿದ ಮರುವಾರ, ಒಂದು ಭಾನುವಾರ, ಅಜೆಕಾರಿಗೆ ಹೋದೆ. ನವೆಂಬರ್ ಅಲ್ಲದ ತಿಂಗಳಲ್ಲಿ ನನ್ನನ್ನು ಕಂಡು ಸುಜಾತಾಳಿಗೆ ಆಶ್ಚರ್ಯ. ಜಗದೀಶ ಡ್ಯೂಟಿಯಲ್ಲಿದ್ದ, ಶ್ರೇಯಾ ಇರಲಿಲ್ಲ. ಗೇರುಬೀಜದ ಎಣ್ಣೆಗೆ ಸುಜಾತಾಳ ಬೆರಳುಗಳು ಕಪ್ಪಾಗಿ ಸಿಪ್ಪೆ ಎದ್ದಿದ್ದವು. ಜಗಲಿಯಲ್ಲಿ ಕೂತು ಅವುಗಳಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಕೂತೆ, ನೀರು ಕುಡಿದೆ. ಅವಳು ಮಾತು ತೆಗೆಯುವ ಮೊದಲು ನಾನೇ ಹೇಳಿಬಿಟ್ಟೆ. ಕರುಣಾಕರನ ಜೊತೆ ಓಡಿದ್ದು, ಜಗದೀಶ ನನಗೆ ಹೇಳಿದ್ದು, ಡಾಕ್ಟರು ಕೇಳಿದಾಗ ನಾನೂ ಗಟ್ಟಿ ಜನ ಎಂದದ್ದು. ಒಂದನ್ನೂ ಬಿಡಲಿಲ್ಲ.

ಅವಳು ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದಳು.

"ನಿಮಗೆ ಯಾವಾಗ ನೆನಪಾದದ್ದು?"

"ಬೊಜ್ಜದ ದಿನ. ಅಜ್ಜಿ ಹೇಳಿದಾಗ."

"ಆಗಲೇ," ಎಂದಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದರೆ ಸಾಕಿತ್ತು ಎಂದೂ ಅನ್ನಿಸುತ್ತಿತ್ತು.

"ಅಲ್ಲಿ ನೆನಪಾಗದ್ದು ನಿಮ್ಮ ತಪ್ಪಲ್ಲ ಟೀಚರ್," ಎಂದಳು. "ನಂಗೂ ಆಗ್ಲಿಲ್ಲ. ಆದರೆ ಏಳು ವರ್ಷ ಆಯ್ತು, ಕಣ್ಣು ಮುಚ್ಚಿದ್ರೆ ನಂಗೆ ಆ ಡಾಕ್ಟ್ರ ಮೇಜು ಬರ್ತದೆ. ಆ ಮೇಜಿನ ಎದುರು ನಾನೊಬ್ಳೇ ಕೂತಿರ್ತೇನೆ. ನೀವೂ ಇದ್ರಿ ಅಂತ ಒಂದು ಮಾತು ಹೇಳ್ಬಹುದಿತ್ತು."

ಅವಳು ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಆಮೇಲೆ ಎದ್ದು ಮಳೆ ನಿಂತಿದೆಯೇ ಎಂದು ಕೈ ಚಾಚಿ ನೋಡಿದಳು.

"ಹನ್ನೆರಡೂವರೆಗೆ ಒಂದು ಬಸ್ಸು ಉಂಟು ಟೀಚರ್. ಈಗ ಹೊರಟರೆ ಸಿಗ್ತದೆ," ಎಂದಳು.

ಒಳಗೆ ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಊಟ ಮಾಡಿ ಹೋಗಿ ಎಂದು ಸುಜಾತಾ ಹೇಳದೆ ಇದ್ದದ್ದು ಅದೇ ಮೊದಲು.